ಶಂಭುಲಿಂಗಪ್ಪನವರ ಅಗ್ಗದ ಫೋರ್ಕು

“ಅಂಗಡಿಯವನು ಹೇಳಿದ ರೇಟಿನ ಹತ್ತನೇ ಒಂದು ಭಾಗಕ್ಕೆ ಫೋರ್ಕು ತಂದು ಹಾಕಿಸ್ದೇ ಇದ್ರೆ, ನನ್ನನ್ನ ಶಂಭುಲಿಂಗಪ್ಪ ಅಂತ ಕರೀಬೇಡ!”

1986ರ ಮಾರ್ಚಿ ತಿಂಗಳ ಒಂದು ಬುಧವಾರ ಬೆಳಿಗ್ಗೆ, ಕತ್ರಿಗುಪ್ಪೆಯ ತಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಂತು ಶಂಭುಲಿಂಗಪ್ಪನವರು ಈ ಶಪಥ ಮಾಡಿದರು. ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಪತ್ನಿ ನೀಲಗಂಗಮ್ಮ ಮತ್ತು ಒಂದು ಪುಟ್ಟ ಟ್ರ್ಯಾಕ್ಟರು.

“ಆ ಹೆಸರಿಂದ ನಾನೆಲ್ಲಿ ಕರೆದಿದ್ದೀನಿ?” ಎಂದರು ನೀಲಗಂಗಮ್ಮ, ಒದ್ದೆ ಪಂಚೆ ಹಿಂಡುತ್ತಾ. “ಮದುವೆ ಆದಾಗಿಂದ ‘ರೀ’ ಅಂತಾನೇ ಅಲ್ವಾ ಕರೀತಿರೋದು?”

ಹಿಂಡಿದ ಪಂಚೆಯನ್ನು ಅವರು ಹಗ್ಗದ ಮೇಲೆ ಹರವಿದರು. ಹಗ್ಗದ ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ಟ್ರ್ಯಾಕ್ಟರಿನ ಮುಂದೋಳಿಗೆ. ಊರಾಚೆಯ ನರ್ಸರಿಯೊಂದು ಮುಚ್ಚಿಹೋದಾಗ ಶಂಭುಲಿಂಗಪ್ಪನವರು ಹರಾಜಿನಲ್ಲಿ ಹಿಡಿದ ಗಾಡಿ ಅದು. ಸಾಮಾನ್ಯ ಟ್ರ್ಯಾಕ್ಟರಿನ ಅರ್ಧದಷ್ಟು ಗಾತ್ರ. ಮುಂದುಗಡೆ ಎರಡು ಕಬ್ಬಿಣದ ತೋಳು. ಲಿವರ್ ಎಳೆದರೆ ತೋಳುಗಳು ಮೇಲೇಳುತ್ತವೆ, ತಳ್ಳಿದರೆ ಇಳಿಯುತ್ತವೆ. ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಮೂವತ್ತು ವರ್ಷ ಕುಳಿತು ಫೈಲು ಬಿಟ್ಟು ಬೇರೇನನ್ನೂ ಎತ್ತದ ಅವರಿಗೆ ಆ ತೋಳುಗಳನ್ನು ಕಂಡೊಡನೆ ಮೈ ಜುಮ್ಮೆಂದಿತ್ತು. ನಿವೃತ್ತಿಯ ನಂತರ ಸಾಮಾನು ಎತ್ತಿಳಿಸುವ ವ್ಯಾಪಾರ ಮಾಡುವುದೆಂದು ಅಲ್ಲೇ ತೀರ್ಮಾನಿಸಿಬಿಟ್ಟರು. ನಾಲ್ಕು ತಿಂಗಳಾಗಿತ್ತು. ಈವರೆಗೆ ಆ ತೋಳು ಹೊತ್ತದ್ದು ಎರಡು ಪಂಚೆ, ಮೂರು ಸೀರೆ, ಒಮ್ಮೆ ಒಂದು ಮೊರ ಸಂಡಿಗೆ.

“ಎತ್ತುತ್ತೆ ಎತ್ತುತ್ತೆ ಅಂತ ಇದನ್ನ ತಂದ್ರಿ,” ನೀಲಗಂಗಮ್ಮ ಮುಂದುವರಿಸಿದರು. “ಒಂದು ಎತ್ತನ್ನೇ ತಂದಿದ್ರೆ ಸಗಣಿಯಾದ್ರೂ ಸಿಕ್ತಿತ್ತು!”

“ಸೋಮವಾರ ನೋಡು ಬೇಕಾದ್ರೆ!”

“ಸೋಮವಾರಾನೇ ನೋಡೋದು. ಸಾಯಂಕಾಲ ಹುಳಿಮಾವಿಂದ ನನ್ನ ತಮ್ಮ ಬರ್ತಾನೆ. ಅಷ್ಟರೊಳಗೆ ಗಾಡಿಗೆ ಒಂದು ಕೆಲ್ಸ ಅಂತ ಸಿಕ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಕೀಲಿ ಅವನ ಕೈಗೆ. ಅವನ ತೋಟಕ್ಕಾದ್ರೂ ಆಗತ್ತೆ.”

ಇದು ಬರೀ ಮಾತಲ್ಲ ಎಂದು ಶಂಭುಲಿಂಗಪ್ಪನವರಿಗೆ ಗೊತ್ತಿತ್ತು. ಇದೇ ದನಿಯಲ್ಲಿ ನೀಲಗಂಗಮ್ಮ ಹೋದ ವರ್ಷ ಅವರ ಹಳೇ ರೇಡಿಯೋವನ್ನು ಮನೆಯಿಂದ ಸಾಗಹಾಕಿದ್ದರು. ಆದರೂ ಅವರು ಧೈರ್ಯವಾಗಿದ್ದದ್ದಕ್ಕೆ ಕಾರಣವಿತ್ತು. ಬೊಮ್ಮನಹಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸ್ ಮ್ಯಾನೇಜರ್ ವೆಂಕಟಸ್ವಾಮಿ, ಸೋಮವಾರ ಹತ್ತು ಗಂಟೆಗೆ ಗಾಡಿ ತಂದು ತೋರಿಸಿ ಎಂದಿದ್ದರು. ಅಲ್ಲಿಗೆ ಯಂತ್ರದ ಭಾಗಗಳು ಪ್ಯಾಲೆಟ್ ಮೇಲೆ ಬರುತ್ತವೆ. ಪ್ಯಾಲೆಟ್ ಎಂದರೆ ಜೋಡಿ ಹಸೆಮಣೆಯನ್ನು ಒಂದರ ಮೇಲೊಂದು ಇಟ್ಟ ಹಾಗೆ. ನಡುವೆ ನಾಲ್ಕು ಬೆರಳಿನಷ್ಟು ಸಂದು. ಆ ಸಂದಿನೊಳಗೆ ಎರಡು ಉದ್ದನೆಯ ಕಬ್ಬಿಣದ ನಾಲಿಗೆ ತೂರಿಸಿ ಎತ್ತಬೇಕು. ಆ ನಾಲಿಗೆಗಳೇ ಫೋರ್ಕು. ಶಂಭುಲಿಂಗಪ್ಪನವರ ಬಳಿ ಟ್ರ್ಯಾಕ್ಟರಿತ್ತು, ತೋಳಿತ್ತು, ಉತ್ಸಾಹವಂತೂ ಬೇಕಾದಷ್ಟಿತ್ತು. ನಾಲಿಗೆ ಮಾತ್ರ ಇರಲಿಲ್ಲ. ಹಾಗೆಂದು ಪತ್ನಿಗೂ ಹೇಳಿದರು.

“ನಾಲಿಗೆ ಇಲ್ಲ ಅಂತ ಈ ಮನೇಲಿ ನೀವೊಬ್ರೇ ಹೇಳ್ಬೇಕು,” ಎಂದು ನೀಲಗಂಗಮ್ಮ ಒಳಗೆ ಹೋದರು.

ಹೊಸ ಫೋರ್ಕಿಗೆ ಅಂಗಡಿಯವನು ಹೇಳಿದ ಬೆಲೆಗೆ ಇನ್ನೊಂದು ಟ್ರ್ಯಾಕ್ಟರೇ ಬರುತ್ತಿತ್ತು. ಗುರುವಾರ ಇಡೀ ದಿನ ಗುಜರಿ ಅಂಗಡಿಗಳನ್ನು ಸುತ್ತಿದರು. ಫೋರ್ಕ್ ಇದೆಯಾ ಎಂದರೆ ಮೊದಲನೆಯವನು ಸೈಕಲ್ಲಿನ ಫೋರ್ಕ್ ತೋರಿಸಿದ. ಎರಡನೆಯವನು ಸ್ಕೂಟರಿನದು. ಮೂರನೆಯವನು ಇವರ ಇಸ್ತ್ರಿ ಷರ್ಟನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ, ಯಾವುದೋ ಹಳೇ ಹೋಟೆಲಿನ ಒಂದು ಡಜನ್ ಮುಳ್ಳುಚಮಚ ತಂದು ಮುಂದಿಟ್ಟ. “ಗಟ್ಟಿ ಮಾಲು ಸಾರ್. ಏನು ಬೇಕಾದ್ರೂ ಎತ್ಕೊಂಡು ತಿನ್ಬೋದು!”

ಶುಕ್ರವಾರ ಬೆಳಿಗ್ಗೆ ಅವರ ಕಣ್ಣು ತೆರೆಯಿತು. ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲೇ ಚಲುವರಾಜುವಿನ ಗ್ರಿಲ್ ಅಂಗಡಿ ಇರುವಾಗ ಊರೆಲ್ಲ ಸುತ್ತುವುದೇಕೆ? ಸುತ್ತಲಿನ ಬನಶಂಕರಿಯಲ್ಲಿ ಆಗ ದಿನಕ್ಕೊಂದು ಮನೆ ಏಳುತ್ತಿತ್ತು. ಎದ್ದ ಮನೆಗೆಲ್ಲ ಚಲುವರಾಜುವಿನದೇ ಗೇಟು, ಚಲುವರಾಜುವಿನದೇ ಕಿಟಕಿ. ಶಂಭುಲಿಂಗಪ್ಪನವರು ಒಂದು ಲಗ್ನಪತ್ರಿಕೆಯ ಬೆನ್ನಿಗೆ ಚಿತ್ರ ಬರೆದರು. ಉದ್ದ, ಅಗಲ, ದಪ್ಪ ಎಲ್ಲವನ್ನೂ ಅಂಗುಲದಲ್ಲಿ ನಮೂದಿಸಿದರು. ಕೆಳಗೆ ಸಹಿ ಹಾಕಿ ತಾರೀಕನ್ನೂ ಬರೆದರು. ಹಳೇ ಅಭ್ಯಾಸ.

ಚಲುವರಾಜು ಚಿತ್ರವನ್ನು ಉಲ್ಟಾ ಹಿಡಿದು ನೋಡಿದ, ಸರಿಯಾಗಿ ಹಿಡಿದು ನೋಡಿದ. “ಇದು ಯಾವ ಕಿಟಕೀಗೆ ಸಾರ್?”

“ಕಿಟಕಿ ಅಲ್ಲಪ್ಪ, ಟ್ರ್ಯಾಕ್ಟರಿಗೆ! ಎತ್ತೋದಕ್ಕೆ. ನಾನೂರು ಕೇಜಿ ಭಾರ ತಡೀಬೇಕು.”

“ಸಾವಿರ ತಡಿಯತ್ತೆ ಬಿಡಿ. ನಮ್ ವೆಲ್ಡಿಂಗು ಬಿಟ್ಕೊಂಡಿರೋದನ್ನ ಯಾರಾದ್ರೂ ಕಂಡಿದ್ರೆ ಹೇಳ್ಲಿ!” ಆತ ಚಿತ್ರದ ತುದಿಯನ್ನು ಬೆರಳಿನಿಂದ ಮುಟ್ಟಿದ. “ಇಲ್ಲಿ ತುದಿ ಸುಮ್ನೆ ಹಂಗೇ ಬಿಟ್ಟಿದೀರಲ್ಲ?”

“ಹಾಗೇ ಇರ್ಲಿ. ಆದ್ರೆ ಚುಚ್ಚೋ ಹಾಗೆ ಬೇಡ. ಫಿನಿಷಿಂಗ್ ಚೆನ್ನಾಗಿರ್ಬೇಕು.”

“ಫಿನಿಷಿಂಗ್ ವಿಚಾರ ನನಗ್ಬಿಡಿ ಸಾರ್!” ಎಂದ ಚಲುವರಾಜು. ಆತನ ಕಣ್ಣು ಫಳಫಳ ಹೊಳೆಯಿತು. ಆ ಹೊಳಪಿಗೆ ಶಂಭುಲಿಂಗಪ್ಪನವರು ಅಲ್ಲೇ ಹೆದರಬೇಕಿತ್ತು. ಬೆಲೆ ಕೇಳಿದ ಖುಷಿಯಲ್ಲಿ ಹೆದರುವುದನ್ನು ಮರೆತರು. ಹತ್ತನೇ ಒಂದಲ್ಲ, ಹನ್ನೆರಡನೇ ಒಂದು ಭಾಗ!

ಶನಿವಾರ, ಭಾನುವಾರ ಹಗಲೆಲ್ಲ ಕರೆಂಟು ಕೈಕೊಟ್ಟಿತು. ಬಂದದ್ದು ಭಾನುವಾರ ರಾತ್ರಿ. ಸೋಮವಾರ ಬೆಳಗಿನ ಜಾವ ಚಲುವರಾಜು ಫೋರ್ಕುಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು, ತಾನೇ ತೋಳಿಗೆ ಬೋಲ್ಟು ಬಿಗಿದ. ಬೆಳ್ಳಿ ಬಣ್ಣದ ಪೇಂಟು ಫಳಗುಟ್ಟುತ್ತಿತ್ತು. ಬುಡದಲ್ಲಿ ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು. ತುದಿಗಳಿಗೆ ಮಾತ್ರ ಹಳೇ ದಿನಪತ್ರಿಕೆ ಸುತ್ತಿ ದಾರ ಕಟ್ಟಿತ್ತು.

“ತುದಿ ಯಾಕೋ ದಪ್ಪ ಕಾಣ್ತಿದೆಯಲ್ಲಪ್ಪ?”

“ಪೇಪರ್ ಸಾರ್, ನಾಲ್ಕು ಸುತ್ತು ಸುತ್ತಿದೀನಿ. ಪೇಂಟು ಹಸಿ ಇದೆ, ಈಗ ಬಿಚ್ಬೇಡಿ. ಅಲ್ಲಿ ಹೋಗಿ ಎಲ್ಲರ ಮುಂದೆ ಬಿಚ್ಚೋಣ. ನಾನೂ ಬರ್ತೀನಿ!”

ನೀಲಗಂಗಮ್ಮ ಹಗ್ಗ ಬಿಚ್ಚಿಕೊಟ್ಟರು. ಟ್ರ್ಯಾಕ್ಟರು ಗುಡುಗಿ, ಕೆಮ್ಮಿ, ಹೊರಟಿತು. ಶಂಭುಲಿಂಗಪ್ಪನವರು ಸೀಟಿನ ಮೇಲೆ ರಥ ಏರಿದ ಸೇನಾಪತಿಯಂತೆ. ಚಲುವರಾಜು ಮಡ್‌ಗಾರ್ಡಿನ ಮೇಲೆ. ರಾಗಿಗುಡ್ಡದ ಹತ್ತಿರ ಹಾಲಿನ ಸೈಕಲ್ಲೊಂದು ಇವರನ್ನು ಹಿಂದೆ ಹಾಕಿತು. ಬಿಟಿಎಂ ಲೇಔಟಿನಲ್ಲಿ ಒಂದು ಎಮ್ಮೆ ಹಿಂದೆ ಹಾಕಿತು. ಸೇನಾಪತಿ ಅಳುಕಲಿಲ್ಲ. ಎರಡೂಕಾಲು ಗಂಟೆಯ ದಂಡಯಾತ್ರೆ ಮುಗಿಸಿ, ಹತ್ತಕ್ಕೆ ಐದು ನಿಮಿಷ ಇರುವಾಗ ಬೊಮ್ಮನಹಳ್ಳಿ ತಲುಪಿದರು.

ಕಾರ್ಖಾನೆಯ ಗೇಟು ಭಾರೀ ಗೇಟು. ಎರಡು ಬಾಗಿಲು, ಎಂಟಡಿ ಎತ್ತರ, ಉದ್ದಕ್ಕೂ ಸರಳು, ನಡುನಡುವೆ ಸುರುಳಿ ಸುರುಳಿ ಬಳ್ಳಿ. ಚಲುವರಾಜು ಕೆಳಗೆ ಹಾರಿ ಅದರ ಮೈ ಸವರಿದ. “ನಮ್ದೇ ಕೆಲ್ಸ ಸಾರ್! ನಾಲ್ಕು ವರ್ಷ ಆಯ್ತು, ಒಂದು ಸುರುಳಿ ಅಲ್ಲಾಡಿದ್ರೆ ಕೇಳಿ!”

ಅಂಗಳದಲ್ಲಿ ಒಂದು ಪ್ಯಾಲೆಟ್ ಮೇಲೆ ಹತ್ತು ಮೂಟೆ ಮರಳು ಹೇರಿಸಿಕೊಂಡು ವೆಂಕಟಸ್ವಾಮಿ ಕಾಯುತ್ತಿದ್ದರು. ಸುದ್ದಿ ತಿಳಿದು ಕೆಲಸಗಾರರೂ ಸೇರಿದ್ದರು. ಚಲುವರಾಜು ದಾರ ಕಿತ್ತು, ಗಣ್ಯರು ಫಲಕ ಅನಾವರಣ ಮಾಡುವ ಠೀವಿಯಲ್ಲಿ ಪೇಪರು ಬಿಚ್ಚಿದ.

ಶಂಭುಲಿಂಗಪ್ಪನವರ ಬಾಯಿಂದ “ಶಿವನೇ!” ಎಂಬೊಂದು ಮಾತು ಬಿತ್ತು.

ಎರಡೂ ಫೋರ್ಕುಗಳ ತುದಿ ಮೇಲಕ್ಕೆ ಬಾಗಿ, ಒಂದೂವರೆ ಸುತ್ತು ಸುತ್ತಿ, ಗೇಣೆತ್ತರದ ಅಂದವಾದ ಸುರುಳಿಯಾಗಿ ನಿಂತಿತ್ತು. ಸುರುಳಿಯ ನಡುವೆ ಒಂದೊಂದು ಪುಟ್ಟ ಕಮಲ.

“ಏನಯ್ಯಾ ಇದು?”

“ಫಿನಿಷಿಂಗ್ ಸಾರ್. ನೀವೇ ಅಂದ್ರಲ್ಲ, ಚುಚ್ಬಾರ್ದು ಅಂತ. ತುದಿ ಸುರುಳಿ ಸುತ್ತದೆ ನಮ್ ಅಂಗ್ಡಿಯಿಂದ ಒಂದು ಸರಳೂ ಹೊರಗ್ ಹೋಗಲ್ಲ. ಕಮಲಕ್ಕೆ ಚಾರ್ಜ್ ಹಾಕಿಲ್ಲ!”

“ಆ ಸಂದು ಇರೋದು ನಾಲ್ಕು ಬೆರಳು! ಈ ಜಿಲೇಬಿ ಅದರೊಳಗೆ ಹೇಗಯ್ಯಾ ಹೋಗತ್ತೆ?”

ಚಲುವರಾಜು ಸಂದನ್ನು ನೋಡಿದ, ಸುರುಳಿಯನ್ನು ನೋಡಿದ. “ಸ್ವಲ್ಪ ಜೋರಾಗಿ ಬಂದ್ರೆ ಹೋಗ್ಬೋದು ಸಾರ್.”

ಬೇರೆ ದಾರಿ ಇರಲಿಲ್ಲ. ಸಂಜೆಗೆ ಹುಳಿಮಾವಿನ ಮೈದುನ ಬರಲಿದ್ದ. ಶಂಭುಲಿಂಗಪ್ಪನವರು ಸ್ವಲ್ಪ ಜೋರಾಗಿಯೇ ಬಂದರು. ಸುರುಳಿ ಹೋಗಿ ಪ್ಯಾಲೆಟ್ಟಿನ ಹಣೆಗೆ ಬಡಿಯಿತು. ಪ್ಯಾಲೆಟ್ಟು ಏಳಲಿಲ್ಲ, ಹೊರಟಿತು! ಹತ್ತು ಮೂಟೆ ಮರಳನ್ನು ಹೊತ್ತು ಅಂಗಳದುದ್ದಕ್ಕೂ ಕಿರ್‍ರೆಂದು ಜಾರುತ್ತಾ, ಕ್ಯಾಂಟೀನಿನ ಗೋಡೆ ಮುಟ್ಟಿ ನಿಂತಿತು. ಒಳಗಿನಿಂದ ಯಾರೋ, “ಯಾವನೋ ಅವ್ನು?” ಎಂದು ಕೂಗಿದರು.

“ಸಾಕು ಶಂಭುಲಿಂಗಪ್ಪನವ್ರೇ,” ಎಂದರು ವೆಂಕಟಸ್ವಾಮಿ, ಬಹಳ ಮರ್ಯಾದೆಯಿಂದ. “ನಾವು ಎತ್ತೋರನ್ನ ಹುಡುಕ್ತಾ ಇದ್ದೀವಿ. ತಳ್ಳೋರು ನಮ್ಮಲ್ಲೇ ಇದಾರೆ.”

ಕೆಲಸಗಾರರು ಗೊಳ್ಳೆಂದರು. ಶಂಭುಲಿಂಗಪ್ಪನವರು ಗಾಡಿ ತಿರುಗಿಸಿದರು. ಸುರುಳಿ ಯಾರಿಗೂ ತಗುಲದಿರಲೆಂದು ತೋಳನ್ನು ಎದೆಮಟ್ಟಕ್ಕೆ ಏರಿಸಿಕೊಂಡರು. ಗೇಟಿನ ಒಂದು ಬಾಗಿಲು ತೆರೆದಿತ್ತು. ಇನ್ನೊಂದನ್ನು ತೆಗೆಯಲು ವಾಚ್‌ಮನ್ ಉಗ್ರಪ್ಪ ಓಡುತ್ತಿದ್ದ. ಅವಮಾನದಲ್ಲಿ ಕಾಲಿಗೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಿಳಿಯಲಿಲ್ಲ. ಎರಡು ಫೋರ್ಕೂ ಮುಚ್ಚಿದ ಬಾಗಿಲಿನ ಸರಳುಗಳ ಸಂದಿನಲ್ಲಿ ಸಲೀಸಾಗಿ ತೂರಿಹೋದವು. ಪ್ಯಾಲೆಟ್ಟಿನೊಳಗೆ ಹೀಗೆ ಹೋಗಿದ್ದರೆ ಇವರ ಬಾಳೇ ಬೆಳಗುತ್ತಿತ್ತು!

“ಹಿಂದಕ್ ತಗೊಳ್ಳಿ ಸಾರ್, ಹಿಂದಕ್ಕೆ!” ಉಗ್ರಪ್ಪ ಅರಚಿದ.

ಹಿಂದಕ್ಕೆ ತೆಗೆದರು. ಫೋರ್ಕಿನ ಸುರುಳಿ ಗೇಟಿನ ಸುರುಳಿಗೆ ಸಿಕ್ಕಿಕೊಂಡಿತು. ಒಂದೇ ಅಂಗಡಿಯಲ್ಲಿ, ಒಂದೇ ಕೈಯಲ್ಲಿ ಹುಟ್ಟಿದವು. ಬಹಳ ದಿನಗಳ ನಂತರ ಭೇಟಿಯಾದ ಅಕ್ಕತಂಗಿಯರ ಹಾಗೆ ತಬ್ಬಿಕೊಂಡವು. ಬಿಡಿಸಲು ಶಂಭುಲಿಂಗಪ್ಪನವರು ಲಿವರನ್ನು ಹಿಡಿದರು. ತಳ್ಳಬೇಕಿತ್ತು. ಎಳೆದರು.

ತೋಳು ಮೇಲೆದ್ದಿತು. ತೋಳಿನೊಂದಿಗೆ ಗೇಟೂ ಎದ್ದಿತು! ಗೂಟದ ಮೇಲೆ ಕೂತಿದ್ದ ಆ ಭಾರೀ ಬಾಗಿಲು, ಇಡ್ಲಿ ತಟ್ಟೆಯಿಂದ ಇಡ್ಲಿ ಎದ್ದಷ್ಟು ನುಣ್ಣಗೆ ಕೀಲು ಕಳಚಿಕೊಂಡು, ಬೊಮ್ಮನಹಳ್ಳಿಯ ಆಕಾಶಕ್ಕೆ ಏರಿತು.

“ಎತ್ತಿತು! ಎತ್ತಿತು ಸಾರ್!” ಚಲುವರಾಜು ಕುಣಿದಾಡಿದ. “ನಾನೂರಲ್ಲ, ಐನೂರು ಕೇಜಿ! ವೆಲ್ಡಿಂಗ್ ನೋಡಿ ಸಾರ್, ಕೂದಲೆಳೆ ಬಿರುಕಿಲ್ಲ!”

ಒಂದು ಕ್ಷಣ ಶಂಭುಲಿಂಗಪ್ಪನವರಿಗೂ ರೋಮಾಂಚನವಾಯಿತು. ನಾಲ್ಕು ತಿಂಗಳ ಕನಸು ಕಣ್ಣೆದುರಿಗೆ ಗಾಳಿಯಲ್ಲಿ ತೂಗಾಡುತ್ತಿತ್ತು. ಮರುಕ್ಷಣ ಅದು ವಾಲಿ, ಒಂದು ಮೂಲೆ ನೆಲಕ್ಕೆ ಕುಟ್ಟಿ, ನಡುವಿಗೆ ಬಗ್ಗಿತು. ಹೊಸೂರು ರಸ್ತೆಯ ಎರಡು ಹಸುಗಳು ಆಗಲೇ ಒಳಗೆ ಬಂದು ಕ್ಯಾಂಟೀನಿನ ಕಡೆ ನಡೆದಿದ್ದವು.

ಮುಂದಿನ ಮಾತುಕತೆಯಲ್ಲಿ ವೆಂಕಟಸ್ವಾಮಿಯವರೇ ಹೆಚ್ಚು ಮಾತಾಡಿದರು. ಗ್ಯಾಸಿನಲ್ಲಿ ಸುರುಳಿ ಕತ್ತರಿಸಿ ಗೇಟನ್ನು ಬಿಡಿಸಿದ ಮೇಲೆ, ಅದನ್ನು ಸರಿಮಾಡಿ ತರಲು ಹದಿನೈದು ದಿನ ಬೇಕು ಎಂದ ಚಲುವರಾಜು.

ಸಂಜೆ ಆರೂವರೆಗೆ ಶಂಭುಲಿಂಗಪ್ಪನವರು ಬಸ್ಸಿನಲ್ಲಿ ಕತ್ರಿಗುಪ್ಪೆಗೆ ಮರಳಿದರು. ಹುಳಿಮಾವಿನ ಮೈದುನ ಕಾಫಿ ಕುಡಿಯುತ್ತಾ ಕೂತಿದ್ದ. ಖಾಲಿ ಸೈಟನ್ನು ನೋಡಿದ ನೀಲಗಂಗಮ್ಮ ಎದುರು ಬಂದರು.

“ಗಾಡಿ ಎಲ್ರೀ?”

“ಕೆಲ್ಸದಲ್ಲಿದೆ.” ಶಂಭುಲಿಂಗಪ್ಪನವರು ನಿಧಾನವಾಗಿ ಚಪ್ಪಲಿ ಬಿಟ್ಟರು. “ಕಾರ್ಖಾನೇಲಿ. ಹದಿನೈದು ದಿನ ಬಿಡಲ್ಲ ಅಂದ್ಬಿಟ್ರು.”

ನೀಲಗಂಗಮ್ಮನ ಮುಖ ಅರಳಿತು. ಈ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತು! “ನೋಡ್ದೇನೋ?” ಎಂದು ತಮ್ಮನ ಕಡೆ ತಿರುಗಿದರು. “ನಿಮ್ಮ ಭಾವ ಹೇಳಿದ್ದನ್ನ ಮಾಡಿ ತೋರಿಸಿದ್ರು! ಕೀಲಿ ಗೀಲಿ ಏನೂ ಇಲ್ಲ, ನೀನು ಹೊರಡು!” ಒಳಗೆ ಓಡಿ ಕಾಫಿಯ ಜೊತೆಗೆ ಎರಡು ರವೆ ಉಂಡೆಯನ್ನೂ ತಂದರು. “ದಿನಾ ಎಷ್ಟು ಎತ್ತಬೇಕಂತೆ?”

“ಎತ್ತೋದು... ಹಾಗೇನಿಲ್ಲ.”

“ಮತ್ತೆ ಇಳಿಸೋದಾ?”

“ಇಳಿಸೋದೂ ಅಲ್ಲ. ನಿಲ್ಲೋದು.”

“ಎಲ್ಲಿ ನಿಲ್ಲೋದು ಭಾವ?” ಎಂದ ಮೈದುನ, ಎದ್ದವನು ಮತ್ತೆ ಕೂತು.

ಶಂಭುಲಿಂಗಪ್ಪನವರು ಒಂದು ಉಂಡೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು, ಆದಷ್ಟು ಅಸ್ಪಷ್ಟವಾಗಿ ಉತ್ತರಿಸಿದರು. “ಅವ್ರ ಗೇಟು ರಿಪೇರಿಗೆ ಹೋಗಿದೆ. ಬರೋವರೆಗೂ ಆ ಜಾಗದಲ್ಲಿ ಗಾಡಿ ಅಡ್ಡ ನಿಲ್ಲಿಸ್ಬೇಕು. ಹಸು ಒಳಗೆ ಬರ್ತವೆ, ನೋಡು.”

ಮೈದುನ ಕಾಫಿ ಲೋಟ ಕೆಳಗಿಟ್ಟ.

“ಅಂದ್ರೆ ಗಾಡೀನೇ ಗೇಟು,” ಎಂದರು ನೀಲಗಂಗಮ್ಮ. “ಮತ್ತೆ ಲಾರಿ ಗೀರಿ ಬಂದ್ರೆ?”

“ಸ್ಟಾರ್ಟ್ ಮಾಡಿ ಹಿಂದಕ್ಕೆ ತೆಗೀಬೇಕು. ಲಾರಿ ಹೋದ್ಮೇಲೆ ಮತ್ತೆ ಮುಂದಕ್ಕೆ ಹಾಕ್ಬೇಕು.”

“ಯಾರು?”

“ನಾನೇ. ಬೆಳಿಗ್ಗೆ ಎಂಟಕ್ಕೆಲ್ಲ ಅಲ್ಲಿರ್ಬೇಕು.”

ನೀಲಗಂಗಮ್ಮ ಎದ್ದು ಅಡುಗೆಮನೆಯ ಕಡೆ ನಡೆದರು. ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು:

“ಹಾಗಾದ್ರೆ ನಾಳೆ ಆ ಗೇಟಿನ ಚಿಲಕಕ್ಕೆ ಡಬ್ಬೀಲಿ ಏನು ಹಾಕ್ಲಿ, ಚಿತ್ರಾನ್ನವೋ ಮೊಸರನ್ನವೋ?”