ಎದುರು ಮನೆಯವಳ ಮಣ್ಣಿನ ಕ್ಲಾಸು

ಸ್ವಲ್ಪ ಹತ್ತಿರ ಬನ್ನಿ, ಗೋಡೆಗೂ ಕೇಳಬಾರದು. ನಾನು ಹೇಳಿದೆ ಅಂತ ಯಾರ ಹತ್ತಿರವೂ ಬಾಯಿಬಿಡಬೇಡಿ, ನಿಮ್ಮ ಗಂಡನ ಹತ್ತಿರವೂ ಬೇಡ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ವಾರಕ್ಕೊಂದು ಹಗರಣ ಆಗದಿದ್ದರೆ ಟಾಂಕಿಗೆ ನೀರು ಸಹ ಹತ್ತುವುದಿಲ್ಲ. ಈಚೆಗೆ ಎಲ್ಲ ಹುಟ್ಟುವುದು ನನ್ನ ಎದುರು ಮನೆಯವಳ ಕ್ಲಾಸಿನಲ್ಲಿ.

ಅವಳು ವಿಜಯಪುರದ ಕಡೆಯವಳು, ಟೇಲರನ ಹೆಂಡತಿ. ಭಾನುವಾರ ಕೆಳಗಿನ ಸೊಸೈಟಿ ರೂಮಿನಲ್ಲಿ ಚಿಳ್ಳೆಪಿಳ್ಳೆಗಳನ್ನು ಕೂರಿಸಿ ಬಟ್ಟೆಚೂರು, ಮಣ್ಣು, ಬಣ್ಣದಲ್ಲಿ ಏನಾದರೂ ಮಾಡಿಸುತ್ತಾಳೆ. ಮೊಬೈಲು ಕೊಡದೆ ತುತ್ತು ನುಂಗದ ಮಕ್ಕಳು ಅಲ್ಲಿ ಹೊಟ್ಟೆ ಹಸಿವನ್ನೇ ಮರೆಯುತ್ತವೆ. ನಾನು ಸುಮ್ಮನೆ ಯಾರನ್ನೂ ಹೊಗಳುವವಳಲ್ಲ. ಆದರೆ ಅವಳ ಕೈಯಲ್ಲಿ ಏನೋ ಉಂಟು ಮಾರಾಯ್ರೆ.

ಸೊಸೈಟಿಯ ಸೆಕ್ರೆಟರಿಗೆ ಮಾತ್ರ ಕಣ್ಣುರಿ. ಲಿಫ್ಟಿನ ಬಾಗಿಲ ಮೇಲೆ ಪುಟ್ಟ ಕೈಗಳ ಬಣ್ಣ ಕಂಡ ದಿನದಿಂದ "ಕ್ಲಾಸ್ ಬಂದ್ ಕರೋ" ಅಂತ ಕೈ ಎತ್ತಿ ಒಂದೇ ಕೂಗು.

ಬೆಂಡೆಕಾಯಿ

ಒಮ್ಮೆ ಎಲ್ಲರಿಗೂ ಬೆಂಡೆಕಾಯಿ ತರಹೇಳಿದಳು. ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಕಾಗದಕ್ಕೆ ಒತ್ತಿದರೆ ಹೂವು ಮೂಡುತ್ತದಲ್ಲ, ಅದಕ್ಕೆ. ನಮ್ಮ ಉಡುಪಿ ಕಡೆಯ ಹೋಟೆಲಿನವರ ಪುಟ್ಟಿಯೂ ತಂದಳು. ಡಬ್ಬಿ ತೆರೆದರೆ ಪಲ್ಯ! "ಹಸಿ ತರಕಾರಿ ಕಳಿಸಿದರೆ ಹೋಟೆಲಿನ ಮರ್ಯಾದೆ ಏನಾಗಬೇಕು?" ಅಂತ ಅದರ ಅಜ್ಜ.

ಇವಳು ಬೈಯಲಿಲ್ಲ. ಎಣ್ಣೆ ಹತ್ತಿದ ಹೋಳುಗಳನ್ನೇ ಒತ್ತಿಸಿ, ಮೇಲೆ ನೀಲಿ ಬಣ್ಣ ಬಳಿಸಿದಳು. ಎಣ್ಣೆ ಇದ್ದಲ್ಲಿ ಬಣ್ಣ ಹಿಡಿಯದೆ ಬಿಳಿ ಹೂವು ಎದ್ದುಬಂತು. ಎಲ್ಲಕ್ಕಿಂತ ಚಂದ ಅದೇ. ಈಗ ಹೋಟೆಲಿನ ಗಲ್ಲಾದ ಹಿಂದೆ ತೂಗುತ್ತಿದೆ. ಹತ್ತಿರ ಹೋದರೆ ಇಂಗಿನ ವಾಸನೆ ಬರುತ್ತದೆ.

ಪಪ್ಪನ ಚಿತ್ರ

"ಮನ್ಯಾಗ ಪಪ್ಪಾ ಏನ್ ಮಾಡ್ತಾರ? ಚಿತ್ರ ತೆಗೀರಿ" ಅಂದಳು ಇನ್ನೊಂದು ದಿನ. ನನ್ನ ಮೇಲಿನ ಮನೆಯವಳ ಗಂಡ ಅಂಧೇರಿಯಲ್ಲಿ ದೊಡ್ಡ ಸಾಹೇಬ. ಮನೆಯಲ್ಲಿ ಅವರು ಒಂದು ಲೋಟವನ್ನೂ ಎತ್ತಿಡುವುದಿಲ್ಲ ಅಂತ ಅವಳ ಜಂಬ. ಮಗ ಬರೆದದ್ದು ಏನು? ಪಪ್ಪ ಪಾತ್ರೆ ತಿಕ್ಕುತ್ತಿದ್ದಾರೆ, ಮಮ್ಮಿ ಸೋಫಾದ ಮೇಲೆ.

"ಮಮ್ಮಿ ಕೈಯಲ್ಲಿ ಕೋಲು ಯಾಕೋ?" ಅಂದೆ.

"ಕೋಲು ಅಲ್ಲ ಅಜ್ಜಿ, ರಿಮೋಟ್ ಹೈ."

ಪಪ್ಪನ ಏಪ್ರನ್ನಿಗೆ ಟೇಲರನ ಅಂಗಡಿಯ ಜರಿ ಅಂಚು ಬೇರೆ ಅಂಟಿಸಿದ್ದ. ಎಂಥ ಕೈಚಳಕ!

ಮೂರ್ತಿ

ಕಡೆಗೆ ಸೆಕ್ರೆಟರಿ ಹೇಳಿಯೇಬಿಟ್ಟ: "ಇವತ್ತೇ ಕೊನೆ. ಸಂಜೆ ರೂಮಿನ ಚಾವಿ ಕೊಡಿ." ಪಾಪ, ಅವಳ ಮುಖ ಬಾಡಿತು. ಆದರೂ ಮಕ್ಕಳಿಗೆ ಮಣ್ಣು ಹಂಚಿ, ಬಿಲ್ಡಿಂಗಿನ ಯಾರನ್ನಾದರೂ ಮಾಡಿ ಅಂದಳು. ಸೆಕ್ರೆಟರಿಯ ಮೊಮ್ಮಗಳು ತಾನು ಮಾಡಿದ್ದನ್ನು ಮನೆಗೇ ಒಯ್ದಳು.

ಸಕ್ಕರೆ ಕೇಳುವ ನೆವದಲ್ಲಿ ನಾನೂ ಅಲ್ಲಿಗೆ ಹೋಗಿದ್ದೆ. ಸೆಕ್ರೆಟರಿಯ ಮುದಿ ತಾಯಿಗೆ ಕಣ್ಣು ಮಂಜು. ದೊಡ್ಡ ಹೊಟ್ಟೆ, ಸೊಂಡಿಲು, ಎತ್ತಿದ ಕೈ, ಇನ್ನೊಂದು ಕೈಯಲ್ಲಿ ಮೋದಕ ಕಂಡು ಮೂರ್ತಿಯನ್ನು ದೇವರ ಗೂಡಿನಲ್ಲಿಟ್ಟು, ಕೆಂಪು ದಾಸವಾಳ ಏರಿಸಿ, ಆರತಿ ಎತ್ತಿದಳು. ಸ್ನಾನ ಮುಗಿಸಿ ಬಂದ ಸೆಕ್ರೆಟರಿಯೂ ಕಣ್ಣು ಮುಚ್ಚಿ ಗಲ್ಲ ಗಲ್ಲ ಬಡಿದುಕೊಂಡ.

ಮೊಮ್ಮಗಳು ಬಂದು, "ಅಜ್ಜಾ, ಅದು ಬಪ್ಪಾ ಅಲ್ಲ. ಅದು ನೀನು!"

"ಸೊಂಡಿಲು?"

"ಮೂಗು ಒರೆಸುವ ರುಮಾಲ್. ನಿನಗೆ ಯಾವಾಗಲೂ ಸರ್ದಿ ಅಲ್ವಾ?"

"ಈ ಕೈ?"

"ಬಂದ್ ಕರೋ, ಬಂದ್ ಕರೋ!"

"ಮೋದಕ?"

"ವಡಾಪಾವ್."

ಮುದುಕಿ ಅಂದಳು: "ಏನೇ ಇರಲಿ, ಪೂಜೆ ಆಗಿದೆ. ಇನ್ನು ಹಾಗೆ ಬಿಸಾಡಬಾರದು. ಬಕೆಟ್ಟು ತಾ, ಇವನನ್ನು ಮುಳುಗಿಸುವ."

ಸೆಕ್ರೆಟರಿ ನನ್ನನ್ನು ಬಾಗಿಲ ಹತ್ತಿರ ಕರೆದು, "ಮೌಷೀ, ಹೊರಗೆ ಹೇಳಬೇಡಿ" ಅಂದ.

"ನಾನೆಲ್ಲಿ ಹೇಳ್ತೇನೆ? ಆ ಚಾವಿ ಮಾತ್ರ ಅವಳ ಹತ್ತಿರವೇ ಇರಲಿ" ಅಂದೆ.

ಚಾವಿ ಅವಳಲ್ಲೇ ಉಳಿಯಿತು. ಸುದ್ದಿ ಮಾತ್ರ ಸಂಜೆಯೊಳಗೆ ಐದೂ ಮಾಳಿಗೆ ಹತ್ತಿತು, ಹೇಗೆ ಅಂತ ನನಗೇನು ಗೊತ್ತು? ಎದುರು ಮನೆಯವಳು ಒಂದು ತಟ್ಟೆ ಶೇಂಗಾ ಹೋಳಿಗೆ ಹಿಡಿದು ಬಂದು, ನನ್ನ ಮುಖ ನೋಡಿಯೇ ಅಂದಳು:

"ಅಜ್ಜಿ, ನಿಮ್ಮಿಂದ ಕ್ಲಾಸ್ ಉಳೀತ್ರಿ. ಹುಡುಗ್ರು ನಿಮ್ಮ ಮೂರ್ತಿನೂ ಮಾಡ್ಯಾರ. ಬಾಯಿ ಮಾಡೂದ್ರಾಗ ಮಣ್ಣೆಲ್ಲಾ ತೀರಿಹೋತು. ಕೈಕಾಲು ಮುಂದಿನ ಐತವಾರ ಮಾಡ್ತಾರಂತ್ರಿ."