ನನ್ನ ಬೂಟಿನೊಳಗಿನ ಸೋಲು

ಬರೆದದ್ದನ್ನು ಓದಿ ತಿಳಿದುಕೊಳ್ಳುವ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬುದು ನನ್ನ ದೃಢವಾದ ನಂಬಿಕೆ. ನಮ್ಮಪ್ಪ ಹೆಬ್ಬೆಟ್ಟು, ನಮ್ಮಮ್ಮ ಹೆಬ್ಬೆಟ್ಟು. ಅವರ ಅಪ್ಪ ಅಮ್ಮಂದಿರಿಗೆ ಹೆಬ್ಬೆಟ್ಟು ಒತ್ತುವ ಅವಕಾಶವೂ ಸಿಕ್ಕಿರಲಿಲ್ಲ. ನಾನು ಹಗಲೆಲ್ಲ ಗಾರ್ಮೆಂಟ್ಸಿನಲ್ಲಿ ಶರ್ಟಿನ ತೋಳು ಹೊಲಿದು, ಸಂಜೆ ಕಾಲೇಜಿಗೆ ಹೋಗಿ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಓದಿ ಬಿ.ಎ. ಮುಗಿಸಿದವಳು. ಅದೂ ಫಸ್ಟ್ ಕ್ಲಾಸ್! ಆ ಸರ್ಟಿಫಿಕೇಟು ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ದೇವರ ಫೋಟೊಗಿಂತ ಒಂದು ಗೇಣು ಮೇಲೆ ತೂಗುತ್ತಿದೆ. ದೇವರು ಇದುವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.

ಇಂಥ ನನಗೆ ಒಂದು ಜೊತೆ ಇನ್‌ಸೋಲ್ ಆರಿಸುವುದು ಯಾವ ದೊಡ್ಡ ಕೆಲಸ? ಇನ್‌ಸೋಲ್ ಎಂದರೆ ಬೂಟಿನ ಒಳಗೆ ಪಾದದ ಕೆಳಗಿರುವ ಮೆತ್ತೆ. ಅಷ್ಟೇ. ಅಷ್ಟೇ ಎಂದುಕೊಂಡದ್ದೇ ನನ್ನ ಮೊದಲ ತಪ್ಪು.

ಕಥೆ ಶುರುವಾದದ್ದು ಬನಶಂಕರಿಯ ನಮ್ಮ ಆಫೀಸಿನ ನೋಟಿಸ್ ಬೋರ್ಡಿನಲ್ಲಿ. ಭಾನುವಾರ ಇಡೀ ಡಿಸ್ಪ್ಯಾಚ್ ವಿಭಾಗ ಕನಕಪುರ ರಸ್ತೆಯ ಆಚೆ ಒಂದು ಬೆಟ್ಟಕ್ಕೆ ಟ್ರೆಕ್ಕಿಂಗ್ ಹೋಗುವುದೆಂದು ಅದರಲ್ಲಿತ್ತು. ಹತ್ತುವವರು ಹದಿನೇಳು ಜನ. ಪಟ್ಟಿಯ ಕೊನೆಯಲ್ಲಿ, ಬೇರೆ ಗೆರೆ ಎಳೆದು, "ಬಸ್ ಇನ್‌ಚಾರ್ಜ್: ರತ್ನಮ್ಮ ಮೇಡಂ" ಎಂದಿತ್ತು. ರತ್ನಮ್ಮ ಮೇಡಂ ಎಂದರೆ ನಾನು. ನೇರವಾಗಿ ಮ್ಯಾನೇಜರ್ ಪ್ರಶಾಂತ್ ಅವರ ಮುಂದೆ ನಿಂತೆ.

"ಏನ್ ಸಾರ್ ಇದು, ಬಸ್ ಇನ್‌ಚಾರ್ಜು?"

"ನೀವು ಸೀನಿಯರ್ ಅಲ್ವಾ ಮೇಡಂ, ರಿಸ್ಕ್ ಯಾಕೆ? ನಾವೆಲ್ಲ ಹತ್ತಿ ಇಳಿಯೋವರ್ಗೂ ನೀವು ಆರಾಮಾಗಿ ಬಸ್ಸಲ್ಲಿ ಕೂತು ಬ್ಯಾಗ್ ನೋಡ್ಕೊಳ್ಳಿ."

"ನಾನೂ ಹತ್ತೋಳೇ ಸಾರ್."

"ಮೇಡಂ, ಅದು ಬೆಟ್ಟ..."

"ನನ್ ಹತ್ರ ಟ್ರೆಕ್ಕಿಂಗ್ ಬೂಟಿದೆ!"

ಇದು ಸುಳ್ಳಲ್ಲ. ಎಂದೋ ರಿಯಾಯಿತಿ ಮಾರಾಟದಲ್ಲಿ ಕೊಂಡ ಬೂಟು ಮಂಚದ ಕೆಳಗಿತ್ತು. ಪಕ್ಕದ ಟೇಬಲ್ಲಿನ ಶಿಲ್ಪಾ ಕಿಸಕ್ಕನೆ ನಕ್ಕಳು. ಆ ನಗು ಕೇಳಿದ ಮೇಲೆ ನಾನು ಬಸ್ಸಿನಲ್ಲಿ ಕುಳಿತು ಬ್ಯಾಗು ಕಾಯುವುದು ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಐವತ್ತೆರಡು ವರ್ಷಕ್ಕೆ ನನ್ನನ್ನು ಸಾಮಾನಿನ ಜೊತೆ ಸೇರಿಸಿದರೆ ಅರವತ್ತಕ್ಕೆ ನನ್ನನ್ನೇ ಪಾರ್ಸೆಲ್ ಮಾಡುತ್ತಾರೆ!

ಮನೆಗೆ ಬಂದು ಬೂಟು ತೆಗೆದೆ. ಮೇಲೆಲ್ಲ ಕಬ್ಬಿಣದಂತಿತ್ತು. ಒಳಗೆ ಕೈ ಹಾಕಿದರೆ ಇನ್‌ಸೋಲಿನ ಹಿಮ್ಮಡಿಯಲ್ಲಿ ಬೆರಳು ತೂರುವಷ್ಟು ತೂತು.

ಮಾರನೆಯ ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯೊಂದರಲ್ಲಿದ್ದೆ. ಕನ್ನಡಕ ಹಾಕಿದ ಅಂಗಡಿಯವರು ಬಹಳ ಸೌಜನ್ಯದಿಂದ ಕೇಳಿದರು:

"ಆರ್ಚ್ ಯಾವ್ದು ಮೇಡಂ? ಹೈ, ಮೀಡಿಯಂ, ಲೋ?"

ನನಗೆ ಗೊತ್ತಿದ್ದ ಆರ್ಚ್ ಒಂದೇ, ಮದುವೆ ಛತ್ರದ ಬಾಗಿಲಿಗೆ ಕಟ್ಟುವ ಹೂವಿನ ಆರ್ಚು. ಅದು ಬೂಟಿನೊಳಗೆ ಯಾಕೆ ಬಂತೆಂದು ತಿಳಿಯಲಿಲ್ಲ. ಆದರೆ ಹೈ ಮತ್ತು ಲೋ ನಡುವೆ ಒಂದನ್ನು ಆರಿಸು ಎಂದರೆ ಯೋಚಿಸುವುದೇನಿದೆ? ನನ್ನ ಬದುಕಿನಲ್ಲಿ ನಾನಾಗಿಯೇ "ಲೋ" ಎಂಬುದನ್ನು ಆರಿಸಿಕೊಂಡದ್ದಿಲ್ಲ. ತಾನಾಗಿಯೇ ಬಂದದ್ದೇ ಬೇಕಾದಷ್ಟಿದೆ.

"ಹೈ," ಎಂದೆ, ರ‍್ಯಾಂಕು ಪ್ರಕಟಿಸುವವಳ ಹಾಗೆ.

"ಕಾಲು ನೋಡಿಸಿದ್ದೀರಾ ಮೇಡಂ? ಇಲ್ಲೇ ಒದ್ದೆ ಕಾಲಲ್ಲಿ ಒಂದ್ಸಲ ಹಾಳೆ ಮೇಲೆ ನಿಂತ್ರೆ ಗೊತ್ತಾಗ್ಬಿಡುತ್ತೆ."

"ಬೇಡ ಬಿಡಿ. ನಾನು ಡಿಗ್ರಿ ಮಾಡಿದ್ದೀನಿ."

"ಡಿಗ್ರಿಗೂ ಪಾದಕ್ಕೂ ಏನ್ ಸಂಬಂಧ ಮೇಡಂ?"

"ಹೈ ಕೊಡಿ!"

ಕೊಟ್ಟರು. ಪಾಪ, ಅವರಾದರೂ ಎಷ್ಟು ಹೊತ್ತು ಹೋರಾಡಿಯಾರು?

ಶುಕ್ರವಾರ ಬೆಳಗ್ಗೆ ಕಸದ ಆಟೋ ಹಾಡು ಹೇಳಿಕೊಂಡು ಬಂತು. ಹಳೆಯ ಇನ್‌ಸೋಲುಗಳಿಗೆ ಅಂತಿಮ ವಿದಾಯ ಹೇಳಿ ಕಸದಲ್ಲಿ ಹಾಕಿ ಕೊಟ್ಟುಬಂದೆ. ಆಮೇಲೆ ಕತ್ತರಿ ಹಿಡಿದು ಕುಳಿತು, ಡಬ್ಬಿಯ ಮೇಲಿನ ಸೂಚನೆಯನ್ನು ನನ್ನ ಗಂಡನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಗಂಡ ಮಹದೇವ ಗಾಡಿ ಮೆಕ್ಯಾನಿಕ್. ಹತ್ತನೇ ಕ್ಲಾಸಿಗೆ ಪುಸ್ತಕ ಮುಚ್ಚಿದವರು ಇನ್ನೂ ತೆರೆದಿಲ್ಲ. ಸೂಚನೆಯ ಮೊದಲ ಸಾಲೇ ಹೀಗಿತ್ತು: ಹಳೆಯ ಇನ್‌ಸೋಲನ್ನು ಹೊಸದರ ಮೇಲಿಟ್ಟು, ಗುರುತು ಮಾಡಿ ಕತ್ತರಿಸಿ.

ಗಂಡ ಕಾಫಿ ಲೋಟ ಇಳಿಸಿದರು. "ಹಳೇದೆಲ್ಲಿ?"

ಹಾಡು ಆಗಲೇ ಕೆರೆಯ ಕಡೆ ತಿರುಗಿತ್ತು. ಓಡಿದೆ! ನೈಟಿಯ ಮೇಲೆ ಟವೆಲ್ಲು, ಕೈಯಲ್ಲಿ ಕತ್ತರಿ, ಬರಿಗಾಲು. ಕತ್ತರಿ ಹಿಡಿದು ಕಿರುಚುತ್ತ ಓಡಿಬರುವ ಹೆಂಗಸನ್ನು ಕಂಡು ಆಟೋ ಡ್ರೈವರ್ ನಿಲ್ಲಿಸುವ ಬದಲು ಇನ್ನೂ ಜೋರಾಗಿ ಹೊಡೆದ. ಕೆರೆಯ ಗೇಟಿನ ಹತ್ತಿರ ಹಿಡಿದೆ. ಕಸ ತೆಗೆದುಕೊಳ್ಳುವ ಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಕ್ಕ, ಚಿನ್ನ ಗಿನ್ನ ಬಿತ್ತಾ?"

"ಬೂಟಿನ ಸೋಲ್!"

"ಥೂ, ಅದ್ಕಾ? ಅದು ಹಸಿ ಕಸಾನೂ ಅಲ್ಲ, ಒಣ ಕಸಾನೂ ಅಲ್ಲ. ನಿಮ್ಮನ್ನ ಬೈಕೊಂಡೇ ಹಾಕ್ಕೊಂಡೆ."

ಬೈದುಕೊಂಡೇ ಹುಡುಕಿಯೂ ಕೊಟ್ಟಳು. ಒಂದು ಸಿಕ್ಕಿತು, ಎಡಗಾಲಿನದು. ಇನ್ನೊಂದು ಯಾರದೋ ಮನೆಯ ಹಲಸಿನ ಸಿಪ್ಪೆಯ ಕೆಳಗೆ ಶಾಶ್ವತವಾಗಿ ಐಕ್ಯವಾಗಿತ್ತು.

ಒಂದು ಸಾಕು ಎಂದೆ. ಸಾವಿರಾರು ಬಟ್ಟೆ ತುಂಡು ಕಂಡವಳು ನಾನು! ಎಡಗಾಲಿನದನ್ನು ಇಟ್ಟು ಗುರುತು ಮಾಡಿ ಕಚಕ್ಕನೆ ಕತ್ತರಿಸಿದೆ. ಆಮೇಲೆ ಅದನ್ನೇ, ಹಾಗೆಯೇ, ತಿರುವಿ ಹಾಕದೆ, ಬಲಗಾಲಿನದರ ಮೇಲಿಟ್ಟು ಅಷ್ಟೇ ವಿಶ್ವಾಸದಿಂದ ಕಚಕ್ಕನೆ ಕತ್ತರಿಸಿದೆ. ಬಲಗಾಲಿನ ಹೆಬ್ಬೆರಳು ಕೂರಬೇಕಾದ ಜಾಗ ನೆಲದ ಮೇಲೆ ಬಿದ್ದಿತ್ತು. ನನ್ನ ಕೈಯಲ್ಲಿ ಎರಡು ಎಡಗಾಲು!

ಗಂಡ ಬಹಳ ಗಂಭೀರವಾಗಿ ಎರಡನ್ನೂ ಹಿಡಿದು ನೋಡಿದರು.

"ಗಾರ್ಮೆಂಟ್ಸಲ್ಲೂ ಹಿಂಗೇನಾ? ಎರಡೂ ಎಡಗೈ ಇರೋ ಶರ್ಟ್ ಕಳಿಸ್ತಿದ್ರಾ ಫಾರಿನ್‌ಗೆ?"

"ಸುಮ್ನಿರಿ."

"ಅಲ್ಲ ಕಣೆ, ಅಂಗಡಿಯೋರ್ನ ಕೇಳಿದ್ರೆ ಅವ್ರೇ ಕತ್ತರಿಸಿಕೊಡ್ತಿರ್ಲಿಲ್ವಾ?"

"ಕೇಳೋಕೆ ನಾನೇನು ಓದಿಲ್ವಾ?"

"ಓದಿದ್ದೀಯ. ಅದಕ್ಕೇ ಈಗ ಇನ್ನೊಂದು ಜೊತೆ ಸೋಲು ತರಬೇಕು," ಎಂದರು. ಸೋಲು ಎಂಬುದನ್ನು ಬೇಕೆಂದೇ ಅಚ್ಚ ಕನ್ನಡದಲ್ಲಿ ಉಚ್ಚರಿಸಿದರು.

ಶನಿವಾರ ಬೆಳಗ್ಗೆ ಮತ್ತೆ ನಾಲ್ಕನೇ ಬ್ಲಾಕು. ಅಂಗಡಿಯವರು ನನ್ನನ್ನು ಕಂಡದ್ದೇ ನೀರಿನ ಬಟ್ಟಲನ್ನೂ ಹಾಳೆಯನ್ನೂ ಕೈಗೆತ್ತಿಕೊಂಡರು.

"ಮೇಡಂ, ಈ ಸಲನಾದ್ರೂ ಒಂದ್ಸಲ..."

"ಹೈ."

"ಮತ್ತೆ ಹೈನೇ?"

"ಅದಕ್ಕಿಂತ ಹೈ ಇದ್ರೆ ಅದನ್ನೇ ಕೊಡಿ."

ಅದಕ್ಕಿಂತ ಹೈ ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಈ ಬರಹ ಬರೆಯಲು ಟೇಬಲ್ಲಿನವರೆಗೆ ನಡೆದು ಬರುತ್ತಿರಲಿಲ್ಲ. ಕತ್ತರಿಸುವುದನ್ನು ಮಾತ್ರ ಈ ಸಲ ಅವರಿಗೇ ಬಿಟ್ಟೆ. ವಿದ್ಯಾವಂತರು ಕೆಲವೊಮ್ಮೆ ಕೆಲಸ ಹಂಚಬೇಕಾಗುತ್ತದೆ.

ಸಂಜೆ ಪುಟ್ಟೇನಹಳ್ಳಿ ಕೆರೆಯ ಸುತ್ತ ಬೂಟು ಹಾಕಿ ಪ್ರಾಯೋಗಿಕ ನಡಿಗೆ. ಜೊತೆಯಲ್ಲಿ ಗಂಡ. ಹತ್ತು ಹೆಜ್ಜೆಗೆ ಪಾದದ ನಡುವೆ ಒಂದು ನಿಂಬೆಹಣ್ಣು ಇಟ್ಟಂತಾಯಿತು. ಐವತ್ತು ಹೆಜ್ಜೆಗೆ ಅದು ಕಿತ್ತಳೆಯಾಯಿತು. ಅರ್ಧ ಸುತ್ತು ಮುಗಿಯುವಾಗ ನನ್ನ ಎರಡು ಪಾದಗಳ ಕೆಳಗೆ ಎರಡು ತೆಂಗಿನಕಾಯಿ ಉರುಳುತ್ತಿದ್ದವು.

"ಯಾಕೆ ಹಂಗೆ ಕುಂಟ್ತೀಯ?"

"ಕುಂಟ್ತಿಲ್ಲ. ಇದು ಆರ್ಚ್ ಸಪೋರ್ಟು."

"ಸಪೋರ್ಟ್ ಅಂದ್ರೆ ಕಣ್ಣಲ್ಲಿ ನೀರು ಬರ್ಬೇಕಾ?"

"ಧೂಳು," ಎಂದೆ. ಕೆರೆಯ ಮೇಲಿನಿಂದ ತಣ್ಣನೆಯ, ಶುದ್ಧವಾದ ಗಾಳಿ ಬೀಸುತ್ತಿತ್ತು.

ಮನೆಗೆ ಬಂದು ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು ಮೆಟ್ಟಿಲ ಮೇಲೆ ಹೆಜ್ಜೆಯಿಟ್ಟೆ. ಅಲ್ಲಿ ನಮ್ಮ ಮನೆ ಓನರ್ ಗೌರಮ್ಮ ಸೊಪ್ಪು ಸೋಸುತ್ತ ಕುಳಿತಿದ್ದರು. ಈ ಬೀದಿಯೆಲ್ಲ ಅವರ ಮಾವನ ರಾಗಿ ಹೊಲವಾಗಿದ್ದ ಕಾಲಕ್ಕೆ ಸೊಸೆಯಾಗಿ ಬಂದವರು. ಕಲ್ಲಿನ ಮೇಲೆ ಮೂಡಿದ ನನ್ನ ಒದ್ದೆ ಹೆಜ್ಜೆ ನೋಡಿ ಸೊಪ್ಪು ಬಿಟ್ಟು ಎದ್ದರು.

"ಅಯ್ಯೋ ರತ್ನ, ನೋಡಮ್ಮ ನಿನ್ ಪಾದಾನ! ಅಕ್ಕಿ ರೊಟ್ಟಿ ತಟ್ಟಿದಂಗದೆ! ಎಲ್ಲೂ ಒಂಚೂರು ಬಿಟ್ಟಿಲ್ಲ. ನಮ್ಮತ್ತೆ ಹೆಣ್ಣು ನೋಡೋಕೆ ಹೋದ್ರೆ ಒದ್ದೆ ಕಾಲಲ್ಲಿ ನಡೆಸೋರು. ನಡುವೆ ಖಾಲಿ ಇದ್ರೆ ಬ್ಯಾಡ ಅನ್ನೋರು. ನಿಂದು ಪೂರ್ತಿ ಊರೋ ಪಾದ ಕಣಮ್ಮ. ಲಕ್ಷ್ಮಿ ಪಾದ!"

ನಾನು ಉಬ್ಬಿಹೋದೆ. ಅಷ್ಟರಲ್ಲಿ ಗಂಡ ಒಳಗಿನಿಂದ ಇನ್‌ಸೋಲಿನ ಡಬ್ಬಿ ತಂದು ಅದರ ಹಿಂಭಾಗ ತೋರಿಸಿದರು. ಮುಂಭಾಗವನ್ನು ಅಕ್ಷರಶಃ ಓದಿದ್ದ ನಾನು ಹಿಂಭಾಗವನ್ನು ತಿರುಗಿಸಿಯೇ ಇರಲಿಲ್ಲ. ಅಲ್ಲಿ ವಾಕ್ಯಗಳಿಲ್ಲದೆ, ಆರ್ಚ್ ಅಂದರೆ ಅಂಗಾಲಿನ ಕಮಾನು ಎಷ್ಟು ಎತ್ತರ ಎಂದು ತೋರಿಸುವ ಬರೀ ಮೂರು ಹೆಜ್ಜೆಯ ಚಿತ್ರಗಳಿದ್ದವು. ನಡುವೆ ಖಾಲಿಯಿರುವ ಹೆಜ್ಜೆ, ಹೈ. ಸ್ವಲ್ಪ ತುಂಬಿದ ಹೆಜ್ಜೆ, ಮೀಡಿಯಂ. ಅಕ್ಕಿ ರೊಟ್ಟಿ, ಲೋ.

ಹೆಬ್ಬೆಟ್ಟಿನವರಿಗೂ ಅರ್ಥವಾಗುವ ಚಿತ್ರ. ಫಸ್ಟ್ ಕ್ಲಾಸಿನವಳಿಗೆ ಆಗಿರಲಿಲ್ಲ.

"ನಾಳೆ ಬಸ್ಸಲ್ಲೇ ಕೂತ್ಕೊ ಮಾರಾಯ್ತಿ," ಎಂದರು ಗಂಡ, ನಿಜವಾಗಿಯೂ ಮರುಕದಿಂದ.

"ನನ್ನ ಪಾದ ತಪ್ಪಿರಬಹುದು. ನನ್ನ ಆಯ್ಕೆ ತಪ್ಪಿಲ್ಲ!"

ಈ ವಾಕ್ಯದ ಅರ್ಥ ನನಗೆ ಇವತ್ತಿಗೂ ಸ್ಪಷ್ಟವಾಗಿಲ್ಲ. ಆದರೆ ಹೇಳಿದಾಗ ಬಹಳ ಗಟ್ಟಿಯಾಗಿ ಕೇಳಿಸಿತು.

ಭಾನುವಾರ ಅದೇ ಬೂಟು, ಅದೇ ಇನ್‌ಸೋಲು. ಬೆಟ್ಟದ ಬುಡದಲ್ಲಿ ಹದಿನೇಳು ಜನ ಬಸ್ಸಿನಿಂದ ಇಳಿದರು. ಹದಿನೆಂಟನೆಯವಳಾಗಿ ನಾನೂ ಇಳಿದೆ. ಪ್ರಶಾಂತ್ ನನ್ನ ಮುಖ ನೋಡಿ ಡ್ರೈವರ್ ಕಡೆ ತಿರುಗಿದರು. ಬ್ಯಾಗು ಕಾಯಲು ಡ್ರೈವರ್ ಒಪ್ಪಿದ.

ಎಲ್ಲರೂ ಮೇಲೆ ಮಾಯವಾದರು. ನಾನು ನೂರು ಹೆಜ್ಜೆಗೆ ಒಂದು ಬಂಡೆಯ ಮೇಲೆ ಕುಳಿತೆ. ಇನ್ನೂ ನೂರು ಹೆಜ್ಜೆಗೆ ಇನ್ನೊಂದು ಬಂಡೆ. ಮೂರನೆಯ ಬಂಡೆಯ ಮೇಲೆ ಕುಳಿತು ಉಸಿರೆಳೆಯುತ್ತಿದ್ದಾಗ, ಬೆಟ್ಟದ ಮೇಲಿನ ಗುಡಿಗೆ ಬಾಳೆಹಣ್ಣಿನ ಬುಟ್ಟಿ ಹೊತ್ತ ಒಬ್ಬ ಮುದುಕಿ ಬರಿಗಾಲಲ್ಲಿ ಸರಸರ ಹತ್ತಿ ಬಂದಳು.

"ಯಾಕವ್ವ ಕುಂತೆ?"

"ಬೂಟು ಒತ್ತುತ್ತೆ."

"ಬಿಚ್ಚಾಕು. ಬೆಟ್ಟ ಏನು ಕಚ್ಚಾಕಿಲ್ಲ," ಎಂದು ನಿಲ್ಲದೆ ಹೊರಟೇಹೋದಳು.

ಬಿಚ್ಚಿದೆ. ಎರಡು ಬೂಟಿನ ದಾರ ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡೆ. ನಂಬಿದರೆ ನಂಬಿ, ನನ್ನ ಅಕ್ಕಿ ರೊಟ್ಟಿ ಪಾದ ಆ ಬಂಡೆಗೆ ಹಲ್ಲಿಯಂತೆ ಅಂಟಿತು! ನಿಧಾನ ನಿಜ, ಬಹಳ ನಿಧಾನ. ಆದರೆ ಜಾರಲಿಲ್ಲ.

ನಾನು ಅರ್ಧ ದಾರಿಗೆ ಬರುವಷ್ಟರಲ್ಲಿ ನಮ್ಮವರೆಲ್ಲ ತುದಿ ಮುಟ್ಟಿ ಇಳಿಯುತ್ತಿದ್ದರು. ಶಿಲ್ಪಾ ನಿಂತಳು.

"ಮೇಡಂ, ಬೂಟು ಯಾಕೆ ಕುತ್ತಿಗೇಲಿದೆ?"

"ಸಪೋರ್ಟಿಗೆ."

"ಸಾಕು ಬನ್ನಿ ಮೇಡಂ, ಇಲ್ಲೀವರ್ಗೂ ಬಂದಿದ್ದೇ ಸಖತ್," ಎಂದರು ಪ್ರಶಾಂತ್. "ಊಟಕ್ಕೆ ಬೇರೆ ಲೇಟಾಗುತ್ತೆ."

"ನೀವು ನಡೀರಿ ಸಾರ್. ನಾನು ಹತ್ತಿಯೇ ಇಳಿಯೋದು."

ಹತ್ತಿದೆ. ತುದಿ ಮುಟ್ಟಿದೆ. ಗುಡಿಯ ಪಕ್ಕದ ಬಂಡೆಯ ಮೇಲೆ ನಿಂತು ಸುತ್ತಲೂ ನೋಡಿದೆ, ಗಾಳಿಗೆ ಬೂಟುಗಳು ಎದೆಯ ಮೇಲೆ ಒಂದಕ್ಕೊಂದು ಬಡಿಯುತ್ತಿದ್ದವು. ಅಂಥ ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಆ ಸಂತೋಷದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಸ್ವಲ್ಪ ಹೊತ್ತು ಮಲಗಿದೆ ಕೂಡ.

ಇಳಿಯುವಾಗ ಬಂಡೆ ಕಾದ ಹೆಂಚಾಗಿತ್ತು. ರೊಟ್ಟಿಯನ್ನು ಎರಡೂ ಕಡೆ ಬೇಯಿಸಿಕೊಂಡು, ಕುಪ್ಪಳಿಸುತ್ತ, ಬಸ್ಸಿನ ಬಾಗಿಲಿಗೆ ಬಂದು ನಿಂತೆ. ಒಳಗೆ ಹದಿನೇಳು ಮುಖ. ಚಪ್ಪಾಳೆ ಬರುತ್ತದೆ ಎಂದುಕೊಂಡು ಒಂದು ಕ್ಷಣ ಕಾದೆ.

"ಹತ್ತಿದೆ ಸಾರ್!" ಎಂದೆ.

"ಗೊತ್ತಾಯ್ತು ಮೇಡಂ," ಎಂದರು ಪ್ರಶಾಂತ್, ಕ್ಷೀಣ ಧ್ವನಿಯಲ್ಲಿ. "ಹೋಟ್ಲಿನೋರು ಫೋನ್ ಮಾಡಿದ್ರು. ಎರಡು ಗಂಟೆ ಕಾದು ನಮ್ಮ ಊಟಾನ ಯಾವ್ದೋ ಮದುವೆ ಬಸ್ಸಿಗೆ ಬಡಿಸಿಬಿಟ್ರಂತೆ."

ನಾನು ಬೆಟ್ಟ ಹತ್ತಿದ್ದನ್ನು ಆಫೀಸಿನಲ್ಲಿ ಈಗ ಯಾರೂ ಅನುಮಾನಿಸುವುದಿಲ್ಲ. ಟ್ರೆಕ್ಕಿಂಗ್ ಎಂಬ ಮಾತು ಬಂದರೆ ಎಲ್ಲರೂ ಮೊದಲು ನನ್ನ ಹೆಸರನ್ನೇ ಹೇಳುತ್ತಾರೆ. ನಾನು ತುದಿ ಮುಟ್ಟಿದ ದಿನವನ್ನು ಒಬ್ಬರೂ ಮರೆತಿಲ್ಲ. ಹೇಗೆ ಮರೆತಾರು? ಆ ದಿನ ಹದಿನೇಳು ಜನ ದಾರಿಬದಿಯಲ್ಲಿ ಸಿಕ್ಕಿದ ಸೌತೆಕಾಯಿಯನ್ನು ತಲಾ ಅರ್ಧ ತಿಂದುಕೊಂಡು ಬೆಂಗಳೂರಿಗೆ ಬಂದರು!