ಕೆವಿನ್ನನ ಬಲಗೈ ಮತ್ತು ನನ್ನ ರಜೆ

ಸುಳ್ಳುಗಳಲ್ಲಿ ದರ್ಜೆಗಳಿವೆ. ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ ಶಿಕ್ಷೆಯುಂಟು. ಮದುವೆಯ ಮಾತುಕತೆಯಲ್ಲಿ ಹೇಳಿದ ಸುಳ್ಳಿಗೆ ಹಿರಿಯರ ಆಶೀರ್ವಾದವುಂಟು. ಆದರೆ ಇನ್ನೊಬ್ಬರ ಮಕ್ಕಳ ಪ್ರತಿಭೆಯನ್ನು ಕಂಡು ಹೇಳುವ ಸುಳ್ಳಿಗೆ ಸಿಗುವುದು ಕಾಫಿ ತಿಂಡಿ. ಪಕ್ಕದ ಮನೆಯವರ ಮಗಳು ಪಿಟೀಲನ್ನು ಕೊಯ್ಯುವಾಗ ಕಣ್ಣು ಮುಚ್ಚಿ ತಲೆದೂಗಿ, ಎರಡು ಗೋಳಿಬಜೆ ಹೆಚ್ಚಿಗೆ ತಿಂದು ಬಂದವನು ನಾನು. ನನ್ನ ದೂರು ಆ ಸುಳ್ಳಿನ ಮೇಲಲ್ಲ. ಮಸ್ಕತ್ತಿನಲ್ಲಿ ಒಂದು ಇಡೀ ಚಳಿಗಾಲ ಅದೇ ಸುಳ್ಳನ್ನು ನನ್ನ ಮನೆಯಲ್ಲೇ ಕೂತು, ನನ್ನದೇ ತಿಂಡಿ ಕೊಟ್ಟು ಹೇಳಬೇಕಾಯಿತಲ್ಲ, ಅದರ ಮೇಲೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ವಾದಿ ಕಬೀರಿನ ಗ್ಯಾರೇಜುಗಳ ನಡುವೆ, ದೊಡ್ಡ ಕಟ್ಟಡಗಳಿಗೆ ಏಸಿ ಕೂರಿಸುವ ಒಂದು ಕಂಪನಿಯಲ್ಲಿ ನಾನು ಆಫೀಸ್ ಅಸಿಸ್ಟೆಂಟ್ ಆಗಿದ್ದೆ. ನನ್ನ ಪಕ್ಕದ ಮೇಜಿನಲ್ಲಿ ಟೈಪಿಸ್ಟ್ ಫೆಲಿಕ್ಸ್, ಮಂಗಳೂರಿನ ಕೊಂಕಣಿಯವನು. ನಮ್ಮಿಬ್ಬರ ಮೇಲೆ ಮ್ಯಾನೇಜರ್ ವಾಲ್ಟರ್ ಸಾಹೇಬರು, ಅಮೆರಿಕದವರು, ಆರಡಿಯ ಮೇಲೆ ಮತ್ತೂ ಸ್ವಲ್ಪ. ಅವರ ಹೆಂಡತಿ, ಮಗ ಅಲ್ಲೇ ಅಮೆರಿಕದಲ್ಲಿದ್ದರು. ಮಗ ಕೆವಿನ್, ಅಮೆರಿಕದವರು ಕೈಯಲ್ಲಿ ಆಡುವ ಫುಟ್‌ಬಾಲಿನ ಕಾಲೇಜು ತಂಡದಲ್ಲಿ ಕ್ವಾರ್ಟರ್‌ಬ್ಯಾಕ್. ಹಾಗೆಂದರೆ ಚೆಂಡು ಮೊದಲು ಬರುವುದು ಇವನ ಕೈಗೆ. ಇವನು ಅದನ್ನು ದೂರದಲ್ಲಿ ಓಡುತ್ತಿರುವ ತನ್ನವನಿಗೆ ಎಸೆಯಬೇಕು. ಅಷ್ಟರೊಳಗೆ ಎದುರಿನವರು ಬಂದು ಇವನನ್ನು ನೆಲಕ್ಕೆ ಕೆಡವಬೇಕು. ಕೆವಿನ್ನನ ವಿಷಯದಲ್ಲಿ ಎದುರಿನವರು ತಮ್ಮ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು.

ಮಗನ ಪಂದ್ಯಗಳನ್ನು ತಾಯಿ ಕ್ಯಾಸೆಟ್ ಮಾಡಿ ಕಳಿಸುತ್ತಿದ್ದರು. ಸಾಹೇಬರು ಊರಿನಿಂದ ತಂದ ವಿಸಿಆರ್ ಇಲ್ಲಿನ ಕರೆಂಟಿಗೆ ಸಿಕ್ಕಿಸಿದ ದಿನವೇ ಹೊಗೆ ಬಿಟ್ಟು ತೀರಿಕೊಂಡಿತ್ತು. ಇಲ್ಲಿ ಕೊಂಡದ್ದು ಅಮೆರಿಕದ ಕ್ಯಾಸೆಟ್ಟನ್ನು ಒಲ್ಲೆನೆಂದಿತು. ಅವರು ಈ ಕಷ್ಟ ಹೇಳಿಕೊಳ್ಳುತ್ತಿದ್ದಾಗ ನನ್ನ ಬಾಯಿ ಸುಮ್ಮನಿರಬಾರದಿತ್ತೆ? "ಸಾರ್, ನನ್ನದು ಮಲ್ಟಿಸಿಸ್ಟಂ. ಎಲ್ಲ ದೇಶದ ಕ್ಯಾಸೆಟ್ಟೂ ಓಡುತ್ತದೆ" ಎಂದುಬಿಟ್ಟೆ. ಗಲ್ಫಿಗೆ ಬಂದ ನಮ್ಮವರ ಮನೆಯಲ್ಲಿ ಕುರ್ಚಿ ಇಲ್ಲದಿದ್ದರೂ ಮಲ್ಟಿಸಿಸ್ಟಂ ಇರುತ್ತಿದ್ದ ಕಾಲ ಅದು. ನಾನು ಅದನ್ನು ಕೊಂಡದ್ದು ಬೇರೆ ಉದ್ದೇಶಕ್ಕೆ. ನಮ್ಮ ಊರವರ ಸಂಘದ ಯಕ್ಷಗಾನದಲ್ಲಿ ನಾನು ಕೌರವನ ವೇಷ ಮಾಡಿದ್ದೆ. ಆ ಕ್ಯಾಸೆಟ್ಟನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಅದು ಬೇರೆ ಮಾತು ಬಿಡಿ, ಅದು ಕಲೆ.

ಹೀಗೆ ಪ್ರತಿ ಶುಕ್ರವಾರ ಬೆಳಿಗ್ಗೆ ವಾಲ್ಟರ್ ಸಾಹೇಬರು ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬರತೊಡಗಿದರು. ಗಲ್ಫಿನಲ್ಲಿ ಶುಕ್ರವಾರವೆಂದರೆ ವಾರಕ್ಕೊಮ್ಮೆ ಮನುಷ್ಯ ಮನುಷ್ಯನಾಗುವ ದಿನ. ತಡವಾಗಿ ಏಳಬೇಕು, ಮತ್ರಾಹಿನ ಮೀನು ಮಾರ್ಕೆಟ್ಟಿಗೆ ಹೋಗಿ ದುಬಾರಿ ಅಂಜಲಿನ ಬೆಲೆ ಕೇಳಿ ಅಗ್ಗದ ಬಂಗುಡೆ ತರಬೇಕು, ಲುಂಗಿಯಲ್ಲಿ ಬಿದ್ದುಕೊಂಡಿರಬೇಕು. ನಾನೀಗ ಪ್ಯಾಂಟು ಹಾಕಿಕೊಂಡು ನನ್ನ ಸೋಫಾದ ತುದಿಯಲ್ಲೇ ಇಂಟರ್‌ವ್ಯೂಗೆ ಬಂದವನಂತೆ ಕೂರಬೇಕಾಯಿತು. ಒಬ್ಬನೇ ಸಾಯುವುದು ಬೇಡವೆಂದು ಫೆಲಿಕ್ಸನನ್ನೂ ಕರೆಸಿಕೊಳ್ಳುತ್ತಿದ್ದೆ. ಹೆಂಡತಿ ಸುಮತಿ ನೀರುದೋಸೆ, ಕೋಳಿ ಸಾರು ಮಾಡುತ್ತಿದ್ದಳು.

ಮೊದಲ ಶುಕ್ರವಾರವೇ ಎಡವಟ್ಟಾಯಿತು. ಪರದೆಯ ಮೇಲೆ ಇಪ್ಪತ್ತೆರಡು ಜನ, ತಲೆಗೆ ಕಿರೀಟದಂಥ ಹೆಲ್ಮೆಟ್ಟು, ಹೆಗಲಿಗೆ ಭುಜಕೀರ್ತಿಯಂಥ ದಿಂಬು. ಇಷ್ಟು ವೇಷ ಕಟ್ಟಿದ ಮೇಲೆ ಯಕ್ಷಗಾನದವರಂತೆ ಗಿರ್ರನೆ ತಿರುಗಿ ಒಂದು ಧಿಗಿಣವನ್ನಾದರೂ ಹಾಕಬಾರದೆ ಎಂದುಕೊಳ್ಳುವಷ್ಟರಲ್ಲಿ ಕೆವಿನ್ ಚೆಂಡು ಎಸೆದ. ದೂರದಲ್ಲಿ ಒಬ್ಬ ಹಾರಿ ಗಬಕ್ಕನೆ ಹಿಡಿದ. ಹುಟ್ಟಿದಾಗಿನಿಂದ ಕ್ರಿಕೆಟ್ ನೋಡಿದ ಕಣ್ಣು ನಮ್ಮದು; ಅಂಥ ಕ್ಯಾಚ್ ಕಂಡರೆ ಕೈ ತಾನಾಗಿ ಚಪ್ಪಾಳೆ ತಟ್ಟುತ್ತದೆ. ನಾನೂ ಫೆಲಿಕ್ಸನೂ ಎದ್ದು ನಿಂತೇ ತಟ್ಟಿದೆವು. ಸಾಹೇಬರು ದೋಸೆಯಿಂದ ತಲೆ ಎತ್ತಿ ಮೆಲ್ಲಗೆ ಹೇಳಿದರು: "ಹಿಡಿದವನು ಎದುರಾಳಿ ತಂಡದವನು."

"ಸಾಯ್ಬಾ ಭೊಗಸ್!" ಎಂದು ಫೆಲಿಕ್ಸ್ ದೇವರ ಕ್ಷಮೆ ಕೇಳಿ ಕೂತ. ನಾನು, "ಎಸೆದದ್ದು ಚೆನ್ನಾಗಿತ್ತು ಸಾರ್, ಅದಕ್ಕೆ ತಟ್ಟಿದ್ದು" ಎಂದೆ. ಆಮೇಲೆ ನಾವು ಪರದೆ ನೋಡುವುದನ್ನೇ ಬಿಟ್ಟು ಸಾಹೇಬರ ಮುಖ ನೋಡತೊಡಗಿದೆವು. ಅವರ ಮುಖ ಅರಳಿದರೆ ಚಪ್ಪಾಳೆ, ಬಾಡಿದರೆ "ಛೆ". ಆಫೀಸಿನಲ್ಲಿ ಇದೇ ಪದ್ಧತಿಯಲ್ಲಿ ಹತ್ತು ವರ್ಷ ಬಾಳಿದ್ದೆವಾದ್ದರಿಂದ ಹೊಸದಾಗಿ ಕಲಿಯುವುದೇನೂ ಇರಲಿಲ್ಲ.

ಪ್ರತಿ ಕ್ಯಾಸೆಟ್ಟಿನ ಕೊನೆಗೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಹುಡುಗ ಸುಧಾರಿಸುತ್ತಿದ್ದಾನೆ ಅನ್ನಿಸುತ್ತದೆಯೆ?"

"ಇಂಪ್ರೂವ್‌ಮೆಂಟ್ ಕಾಣುತ್ತದೆ ಸಾರ್" ಎನ್ನುತ್ತಿದ್ದೆ ನಾನು. "ಕೈ ಒಳ್ಳೆಯದುಂಟು, ಟೈಮಿಂಗ್ ಮಾತ್ರ ಸ್ವಲ್ಪ ನೋಡಬೇಕು." ಫೆಲಿಕ್ಸ್ ಇನ್ನೂ ಸೂಕ್ಷ್ಮದರ್ಶಿ. "ಹೋದ ವಾರ ಅಂಗಾತ ಬಿದ್ದಿದ್ದ ಸಾರ್, ಈ ವಾರ ಮಗ್ಗುಲಾಗಿ ಬಿದ್ದ. ಅದು ಪ್ರೋಗ್ರೆಸ್ಸೇ" ಎಂದ. ಹೊರದೇಶದ ಕ್ಯಾಸೆಟ್ಟುಗಳನ್ನು ಪೋಸ್ಟಿನಲ್ಲಿ ಸೆನ್ಸಾರಿನವರು ಹಾಕಿ ನೋಡಿಯೇ ಕೈಗೆ ಕೊಡುತ್ತಿದ್ದರು. ಹಾಗೆ ನೋಡಿದ ಒಮಾನಿ ಮಹಾಶಯನು ಒಮ್ಮೆ ಕ್ಯಾಸೆಟ್ಟನ್ನು ನನ್ನ ಕೈಗೆ ಕೊಡುತ್ತ, "ಮಿಸ್ಕೀನ್" ಎಂದು ನಿಟ್ಟುಸಿರು ಬಿಟ್ಟ. ಪಾಪದವನು ಎಂದು ಅರ್ಥ. ಆ ಚಳಿಗಾಲ ಕೆವಿನ್ನನ ಬಗ್ಗೆ ಸಂಬಳದ ಆಸೆಯಿಲ್ಲದೆ ಬಂದ ವಿಮರ್ಶೆ ಅದೊಂದೇ.

ನಾನೇಕೆ ಇಷ್ಟು ನಾಲಗೆ ಸವೆಸುತ್ತಿದ್ದೆನೆಂದರೆ, ಫೆಬ್ರವರಿಯಲ್ಲಿ ಉಡುಪಿಯಲ್ಲಿ ನನ್ನ ತಂಗಿಯ ಮದುವೆ ಗೊತ್ತಾಗಿತ್ತು. ಅಪ್ಪ ಇಲ್ಲದ ಮನೆ. ಧಾರೆ ಎರೆಯಬೇಕಾದವನು ನಾನೇ. ನನ್ನ ಪಾಸ್‌ಪೋರ್ಟು ಕಫೀಲನ, ಅಂದರೆ ನಮಗೆ ವೀಸಾ ಕೊಟ್ಟ ಒಮಾನಿ ಧಣಿಯ ಕಪಾಟಿನಲ್ಲಿ, ಕಪಾಟು ತೆರೆಯುವುದು ವಾಲ್ಟರ್ ಸಾಹೇಬರ ರುಜುವಿಗೆ, ರುಜು ಬೀಳುವುದು ಅವರ ಮನಸ್ಸು ಸರಿಯಿದ್ದರೆ, ಮನಸ್ಸು ಸರಿಯಿರುವುದು ಕೆವಿನ್ ಚೆಂಡನ್ನು ತನ್ನವರಿಗೇ ಎಸೆದರೆ. ಮುಹೂರ್ತವನ್ನು ಮುಂದೂಡುವಂತಿಲ್ಲ, ಕೆವಿನ್ನನನ್ನು ಬದಲಿಸುವಂತಿಲ್ಲ. ಒಮ್ಮೆ ರುಸ್ತಾಕಿನ ಸೈಟಿಗೆ ಹೋಗುವಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಧೈರ್ಯ ಮಾಡಿ, "ಸಾರ್, ನನ್ನ ತಂಗಿ..." ಎಂದೆ. ಅಷ್ಟರಲ್ಲಿ ಅಲ್ಲಿನ ಹಳೆಯ ಕೋಟೆ ಕಂಡಿತು. "ನೋಡು, ಆ ಗೋಡೆ ನೋಡು! ಕ್ವಾರ್ಟರ್‌ಬ್ಯಾಕನ್ನು ಅವನ ತಂಡ ಹಾಗೆ ಕಾಯಬೇಕು. ನನ್ನ ಮಗನಿಗೆ ಅಂಥ ಗೋಡೆ ಇಲ್ಲ" ಎಂದರು ಸಾಹೇಬರು. ಸೈಟು ನೋಡಿ ವಾಪಸು ವಾದಿ ಕಬೀರ್ ಮುಟ್ಟುವವರೆಗೂ ಗೋಡೆಯ ಮಾತೇ ಆಯಿತು. ತಂಗಿ ಬಾಯೊಳಗೇ ಉಳಿದಳು.

ಜನವರಿ ಮುಗಿಯುತ್ತ ಬಂತು. ಅಮ್ಮನ ಫೋನು ಬಂದಾಗಲೆಲ್ಲ "ಟಿಕೆಟ್ ಆಯಿತಾ ಮಗಾ?" ಎಂಬ ಪ್ರಶ್ನೆ. ಆ ಶುಕ್ರವಾರ ಕೊನೆಯ ಪಂದ್ಯದ ಕ್ಯಾಸೆಟ್ಟು ಬಂದಿತ್ತು. ಕೆವಿನ್ ಎಂದಿನಂತೆ ಬಿದ್ದ, ಎದ್ದ, ಎದುರಿನವರಿಗೆ ಎಸೆದ, ಕೊನೆಗೆ ಅವನನ್ನು ಹೊರಗೆ ಕೂರಿಸಿದರು. ನಾನು "ಇಂಪ್ರೂವ್‌ಮೆಂಟ್..." ಎಂದು ಶುರುಮಾಡಿದೆ. ಸಾಹೇಬರು ಕೈ ಎತ್ತಿ ತಡೆದು, ದೋಸೆ ಹಾಕಲು ಬಂದ ಸುಮತಿಯ ಕಡೆ ತಿರುಗಿದರು. "ಮೇಡಂ, ನೀವು ಹೇಳಿ. ಈ ಹುಡುಗ ಮುಂದೆ ಬರುತ್ತಾನೆಯೆ?"

ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಅವಳು ನನ್ನ ಕಡೆ ನೋಡಿದರೆ ತಾನೆ? ಸೌಟು ಹಿಡಿದ ಕೈಯಿಂದಲೇ ಟೀವಿಯನ್ನು ತೋರಿಸಿ ಹೇಳಿದಳು: "ಸಾರ್, ಬಾಯ್ ನೋ ಇಂಟ್ರೆಸ್ಟ್. ಪ್ಲೇಯಿಂಗ್ ಟೈಮ್, ಕ್ರೈಯಿಂಗ್ ಫೇಸ್. ಸಿಟ್ಟಿಂಗ್ ಟೈಮ್, ವೆರಿ ಹ್ಯಾಪಿ."

ನಿಜವಾಗಿಯೂ ಪರದೆಯ ಮೇಲೆ ಕೆವಿನ್ ಬೆಂಚಿನಲ್ಲಿ ಕೂತು, ಹೆಲ್ಮೆಟ್ ತೆಗೆದು, ಪಕ್ಕದವನೊಡನೆ ಏನೋ ಹಂಚಿಕೊಂಡು ತಿನ್ನುತ್ತ ನಗುತ್ತಿದ್ದ. ಅಷ್ಟು ವಾರ ಅವನನ್ನು ನೋಡಿದ ನಾನು ಆ ನಗುವನ್ನು ನೋಡಿರಲೇ ಇಲ್ಲ. ಸಾಹೇಬರು ಅದನ್ನೇ ನೋಡಿದರು. ತಟ್ಟೆಯಲ್ಲಿ ದೋಸೆ ಬಿಟ್ಟು ಎದ್ದು, ಕ್ಯಾಸೆಟ್ಟನ್ನೂ ತೆಗೆದುಕೊಳ್ಳದೆ ಹೋದರು.

"ಎಂತದು ಮಾರಾಯ್ತಿ ಇದು! ನನ್ನ ತಂಗಿಯ ಮದುವೆಗೆ ಕಲ್ಲು ಹಾಕಿದೆಯಲ್ಲ!" ಎಂದು ನಾನು ಕೂಗಾಡಿದೆ.

"ನೀವು ಎಂತ ಬೇಕಾದ್ರೂ ಹೇಳಿ. ಆ ಹುಡುಗನ ಅಪ್ಪ ಕೇಳಿದ್ದು, ನಿಮ್ಮ ಮ್ಯಾನೇಜರ್ ಕೇಳಿದ್ದಲ್ಲ" ಎಂದಳು ಅವಳು. ಫೆಲಿಕ್ಸ್ ನನ್ನ ಹೆಗಲು ತಟ್ಟಿ, "ಖಲಾಸ್" ಎಂದು ಚಪ್ಪಲಿ ಮೆಟ್ಟಿದ.

ಶನಿವಾರ ಸಾಹೇಬರು ನನ್ನನ್ನು ಕರೆಸಿದರು. ಕೆಲಸವೇ ಹೋಯಿತೆಂದು ಒಳಗೆ ಹೋದೆ. ಅವರ ಕಣ್ಣು ಕೆಂಪಾಗಿತ್ತು. "ಕೆವಿನ್‌ಗೆ ಫೋನ್ ಮಾಡಿದ್ದೆ. ಆಟ ಬಿಡಬೇಕೆಂದು ಅವನಿಗೆ ಮೊದಲಿನಿಂದಲೂ ಇತ್ತಂತೆ. ನನಗೆ ಬೇಸರವಾಗಬಾರದೆಂದು ಸುಮ್ಮನೆ ಬೀಳುತ್ತಿದ್ದನಂತೆ" ಎಂದರು. ನನಗೆ ಆ ಹುಡುಗನ ಮೇಲೂ ಈ ಅಪ್ಪನ ಮೇಲೂ ಒಟ್ಟಿಗೆ ಕನಿಕರ ಬಂತು. ಸಾಹೇಬರ ಬೇಸರಕ್ಕೆ ಹೆದರಿ ಬಿದ್ದವರು ನಾವು ಮೂವರು, ಅದರಲ್ಲಿ ಹೆಲ್ಮೆಟ್ ಇದ್ದವನು ಅವನೊಬ್ಬನೇ. "ನಿನಗೂ ಏನೋ ಕೇಳುವುದಿತ್ತಲ್ಲ, ರುಸ್ತಾಕಿನ ದಾರಿಯಲ್ಲಿ?" ಎಂದರು. ತಂಗಿ ಈ ಸಲ ಪೂರ್ತಿಯಾಗಿ ಹೊರಬಂದಳು. "ಇದನ್ನು ಹೇಳಲು ಇಷ್ಟು ದಿನ ಬೇಕಾಯಿತೆ?" ಎಂದು ಅಲ್ಲೇ ನನ್ನ ರಜೆಯ ಕಾಗದಕ್ಕೆ ರುಜು ಹಾಕಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾನು ಊರಿಗೆ ಹೊರಡುವ ಮುಂಚಿನ ಶುಕ್ರವಾರ ಸಾಹೇಬರು ಅಭ್ಯಾಸಬಲದಿಂದ ಮತ್ತೆ ಬಂದರು, ಬರಿಗೈಯಲ್ಲಿ. ನೋಡಲು ಏನೂ ಇಲ್ಲ. ಫೆಲಿಕ್ಸನೂ ಸೇರಿ ಮೂವರೂ ಗೋಡೆ ನೋಡುತ್ತ ಕೂತೆವು. ಅತಿಥಿಗೆ ಬೇಸರವಾಗಬಾರದಲ್ಲ? ನಾನು ನನ್ನ ಕೌರವನ ಕ್ಯಾಸೆಟ್ ಹಾಕಿದೆ. ಅಲ್ ಅಮೇರಾತಿನ ಬಯಲಲ್ಲಿ, ನೆರೆಯವರಿಗೆ ಚೆಂಡೆಯ ಸದ್ದು ಕೇಳದಷ್ಟು ದೂರ ಹೋಗಿ ಅಭ್ಯಾಸ ಮಾಡಿದ ವೇಷ ಅದು. ಪರದೆಯ ಮೇಲೆ ನಾನು ಗದೆ ತಿರುಗಿಸಿದೆ, ಅಬ್ಬರಿಸಿದೆ, ಧಿಗಿಣ ಹಾಕಲು ಹೋಗಿ ಭಾಗವತರ ಕಡೆ ಸ್ವಲ್ಪ ವಾಲಿದೆ. ಸಾಹೇಬರು ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ನಕ್ಕಾಗ ನಕ್ಕರು, ನಾನು ತಲೆದೂಗಿದಾಗ ಚಪ್ಪಾಳೆ ತಟ್ಟಿದರು.

"ಹೇಗಿದೆ ಸಾರ್?" ಎಂದು ಕೇಳಿದೆ.

ಅವರು ನೀರುದೋಸೆಯನ್ನು ಸಾರಿನಲ್ಲಿ ಅದ್ದಿ, "ಕೈ ಚೆನ್ನಾಗಿದೆ. ಟೈಮಿಂಗ್ ಮಾತ್ರ ಸ್ವಲ್ಪ ನೋಡಬೇಕು" ಎಂದರು.

ಫೆಲಿಕ್ಸ್ ಕೆಮ್ಮುತ್ತ ಕಿಟಕಿಯ ಕಡೆ ಹೋದ. ಸುಮತಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಆಮೇಲೂ ಎಷ್ಟೋ ಸಲ ಕೌರವನ ವೇಷ ಕಟ್ಟಿದೆ, ಪ್ರತಿ ಸಲವೂ ನೋಡಿದವರನ್ನೆಲ್ಲ ಹಿಡಿದು ನಿಲ್ಲಿಸಿ ಅಭಿಪ್ರಾಯ ಕೇಳಿದೆ. ಅವಳೊಬ್ಬಳನ್ನು ಮಾತ್ರ ಇವತ್ತಿನವರೆಗೂ ಕೇಳಿಲ್ಲ.